ಪುಲಕೇಶಿಯ ಉಪವಾಸ

ಬಾಗಲಕೋಟೆ ಜಿಲ್ಲೆಯಲ್ಲಿ ಯಾರಾದರೂ ಊಟ ಬಿಟ್ಟರೆ ಅದು ಅವರೊಬ್ಬರ ವಿಷಯವಾಗಿ ಉಳಿಯುವುದಿಲ್ಲ. ಮನೆಗೆ ಬಂದವರು ಒಂದು ರೊಟ್ಟಿ ಕಡಿಮೆ ತಿಂದರೂ ‘ಯಾಕ್ರಿ, ಪಲ್ಯೆ ಸೇರಲಿಲ್ಲೇನು?’ ಎಂದು ಶುರುವಾದದ್ದು, ‘ಮನಸಿನ್ಯಾಗ ಏನರೆ ಇಟಗೊಂಡೀರೇನು?’ ಎನ್ನುವವರೆಗೆ ಹೋಗುತ್ತದೆ. ಕೂಸು ಹಾಲು ಬಿಟ್ಟರೆ ದೃಷ್ಟಿ, ಎಮ್ಮೆ ಮೇವು ಬಿಟ್ಟರೆ ಯಾರದೋ ಕಣ್ಣು, ಮುದುಕರು ಅನ್ನ ಬಿಟ್ಟರೆ ಮಗ ಪುಣೆಯಲ್ಲಿ ರಾತ್ರಿ ಬಸ್ಸು ಹತ್ತುತ್ತಾನೆ. ಇಂಥ ನಾಡಿನವರಾದ ನಮಗೆ ಚಳಿಗಾಲದ ಒಂದು ಬೆಳಿಗ್ಗೆ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಂದು ಹಲ್ಲಿ ಊಟ ಬಿಟ್ಟ ಸುದ್ದಿ ಬಂತು.

ಹಲ್ಲಿ ಅಂದರೆ ನನ್ನ ಮೊಮ್ಮಗನಿಗೆ ಸಿಟ್ಟು. ‘ಲೆಪರ್ಡ್ ಗೆಕ್ಕೊ, ಅಜ್ಜಾ’ ಎಂದು ತಿದ್ದುತ್ತಾನೆ. ಹಳದಿ ಮೈಮೇಲೆ ಚಿರತೆಯ ಚುಕ್ಕಿ, ಗೇಣುದ್ದಕ್ಕಿಂತ ತುಸು ಜಾಸ್ತಿ, ಗಾಜಿನ ಪೆಟ್ಟಿಗೆಯಲ್ಲಿ ವಾಸ. ಹೆಸರು ಪುಲಕೇಶಿ. ಮೊಮ್ಮಗ ಚಿಕ್ಕವನಿದ್ದಾಗ ಅವನನ್ನು ಬಾದಾಮಿ ಗುಹೆಗಳಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಅವನ ನೆನಪಿನಲ್ಲಿ ಉಳಿದದ್ದು ಎರಡೇ. ಕೈಯಲ್ಲಿದ್ದ ಬಿಸ್ಕಿಟ್ ಪುಡಿಕೆ ಕಸಿದ ಮಂಗ, ಮತ್ತು ಹರ್ಷವರ್ಧನನನ್ನು ನರ್ಮದೆ ದಾಟಗೊಡದ ರಾಜನ ಹೆಸರು. ಮಂಗನ ಹೆಸರು ಗೊತ್ತಿರಲಿಲ್ಲವಾದ್ದರಿಂದ ರಾಜನದು ಹಲ್ಲಿಗೆ ಹೋಯಿತು. ಆ ಪುಲಕೇಶಿ ಈಗ ಮೂಲೆಯ ಗೂಡಿನಲ್ಲಿ ಮುಖ ಹುದುಗಿಸಿ, ಮುಂದೆ ಬಿಟ್ಟ ಹುಳವನ್ನು ಕಣ್ಣೆತ್ತಿ ಕೂಡ ನೋಡುತ್ತಿಲ್ಲ ಎಂಬುದು ದೂರು.

ಮಗಳ ಮನೆಯವರು ನನ್ನನ್ನೇ ಕೇಳಿದ್ದಕ್ಕೆ ಕಾರಣ ಇತ್ತು. ನಾನು ಪಿಯು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು. ನನ್ನ ಪ್ರಯೋಗಾಲಯದಲ್ಲಿ ಓತಿಕ್ಯಾತ ಇತ್ತು, ಹಲ್ಲಿ ಇತ್ತು, ಎರಡು ಹಾವೂ ಇದ್ದವು. ಎಲ್ಲವೂ ಫಾರ್ಮಲಿನ್ ಬಾಟಲಿಯಲ್ಲಿದ್ದವು. ಅವು ಯಾವತ್ತೂ ಊಟದ ತಕರಾರು ತೆಗೆದದ್ದಿಲ್ಲ. ಜೀವಂತ ಹಲ್ಲಿಗಳ ವಿಷಯದಲ್ಲಿ ನನ್ನ ಕೆಲಸವೆಲ್ಲ ಜನರ ಭಯ ಬಿಡಿಸುವುದೇ ಆಗಿತ್ತು. ಹಾವರಾಣಿ ಕಚ್ಚಿದರೆ ಮನುಷ್ಯ ಉಳಿಯುವುದಿಲ್ಲ, ಹಲ್ಲಿ ಬಿದ್ದ ಹಾಲು ಕುಡಿದರೆ ಮನೆಮಂದಿಯೆಲ್ಲ ಹೋದಂತೆ, ಎಂದು ನಂಬಿದ ಹುಡುಗರಿಗೆ ಭಾರತದಲ್ಲಿ ವಿಷವಿರುವ ಹಲ್ಲಿಯ ಜಾತಿ ಒಂದೂ ಇಲ್ಲ ಎಂದು ವರ್ಷ ವರ್ಷ ಹೇಳಿದೆ. ಅವರು ಪರೀಕ್ಷೆಯಲ್ಲಿ ನಾನು ಹೇಳಿದಂತೆ ಬರೆದು, ಮನೆಗೆ ಹೋಗಿ ಹಾವರಾಣಿ ಕಂಡಲ್ಲಿ ಹೊಡೆಯುತ್ತಿದ್ದರು.

ನಮ್ಮ ಮನೆಗಂತೂ ಹಲ್ಲಿಗಳ ಋಣ ಹಳೆಯದು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಯ ನಮ್ಮ ಓಣಿಯನ್ನು ನುಂಗಿದಾಗ ಸರಕಾರ ನವನಗರದಲ್ಲಿ ಸೈಟು ಕೊಟ್ಟಿತು. ನಾವು ಪಾತ್ರೆ-ಪಗಡಿ, ದೇವರ ಜಗಲಿಯ ಕಲ್ಲು, ಹಳೇ ಬಾಗಿಲಿನ ಚೌಕಟ್ಟು ಎಲ್ಲ ಲಾರಿಗೆ ಹೇರಿದೆವು. ಚೌಕಟ್ಟಿನ ಸಂದಿಯಲ್ಲಿ ಹಲ್ಲಿಗಳೂ ಬಂದವು. ಪುನರ್ವಸತಿಯ ಪಟ್ಟಿಯಲ್ಲಿ ಹೆಸರಿಲ್ಲದೆ, ಪರಿಹಾರ ಕೇಳದೆ ಹೊಸ ಊರಲ್ಲಿ ನೆಲೆ ನಿಂತವರು ಅವರೊಬ್ಬರೇ. ಮಾತಿನ ನಡುವೆ ಒಂದು ಲೊಚ್‌ಗುಟ್ಟಿದರೆ ನನ್ನಾಕೆ ‘ಸತ್ಯ, ಸತ್ಯ’ ಎಂದು ನೆಲಕ್ಕೆ ಬೆರಳು ಕುಟ್ಟುತ್ತಿದ್ದಳು. ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಗಂಡಸರಿಗೆ ಬಲಗಡೆ, ಹೆಂಗಸರಿಗೆ ಎಡಗಡೆ ಎಂದು ಫಲ ಓದುತ್ತಿದ್ದಳು. ಅವಳು ಹೋದ ಮೇಲೆ ಹಲ್ಲಿ ನುಡಿದದ್ದು ಸತ್ಯವೋ ಸುಳ್ಳೋ ಎಂದು ತೀರ್ಪು ಕೊಡುವವರು ಮನೆಯಲ್ಲಿ ಇಲ್ಲ.

ಮಗಳ ಫೋನು ಆವರೆಗೆ ಭಾನುವಾರಕ್ಕೆ ಸೀಮಿತವಾಗಿತ್ತು. ‘ಅಪ್ಪಾ, ಉಂಡ್ಯಾ? ಗುಳಿಗಿ ತಗೊಂಡ್ಯಾ?’ ಎರಡು ಪ್ರಶ್ನೆ, ಎರಡು ಉತ್ತರ, ಆಮೇಲೆ ಅಲ್ಲಿಯ ಹಿಮ ಎಷ್ಟು ಬಿತ್ತು, ಇಲ್ಲಿಯ ನೀರು ಯಾವಾಗ ಬಂತು. ಪುಲಕೇಶಿ ಊಟ ಬಿಟ್ಟದ್ದೇ ತಡ, ದಿನಾ ಬೆಳಿಗ್ಗೆ ಏಳಕ್ಕೆ ನನ್ನ ಫೋನು ಬಡಿಯತೊಡಗಿತು. ಅಲ್ಲಿ ಆಗ ಹಿಂದಿನ ರಾತ್ರಿ ಎಂಟೂವರೆ, ಗೆಕ್ಕೊಗಳು ಏಳುವ ಹೊತ್ತು. ನಾನು ಒಂದು ಕೈಯಲ್ಲಿ ಸೂಸಲಾ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ರೋಗಿಯನ್ನು ನೋಡುತ್ತಿದ್ದೆ.

ಮೊದಲ ದಿನ ಮೊಮ್ಮಗ ಕ್ಯಾಮೆರಾವನ್ನು ಅದರ ಮುಖದ ಹತ್ತಿರವೇ ಹಿಡಿದ. ನಮ್ಮ ಗೋಡೆಯ ಹಲ್ಲಿಗೆ ಕಣ್ಣಿಗೆ ರೆಪ್ಪೆ ಇಲ್ಲ, ಇದಕ್ಕೆ ಇದೆ. ಮೇಲಿನದೂ ಕೆಳಗಿನದೂ ನಿಧಾನ ಕೂಡಿ, ಒಂದು ಕ್ಷಣ ನಿಂತು, ಮತ್ತೆ ತೆರೆದವು. ಒಳಗೆ ಬೂದುಬಣ್ಣದ ಕಣ್ಣು, ನಡುವೆ ನೆಟ್ಟಗೆ ನಿಂತ ಸೀಳು. ಬೆರಳಿಗೆ ಅಂಟುವ ಗಾದಿ ಇಲ್ಲ, ಉಗುರು ಮಾತ್ರ. ಆದ್ದರಿಂದ ಗೋಡೆ ಹತ್ತಲಾರದು, ಗಾಜನ್ನಂತೂ ಕೇಳಬೇಡಿ. ಹಿಂದೆ ದಪ್ಪ ಬಾಲ. ಅದರ ಕಣಜ ಅದೇ. ಉಂಡದ್ದರಲ್ಲಿ ಉಳಿದದ್ದನ್ನು ಕೊಬ್ಬು ಮಾಡಿ ಬಾಲದಲ್ಲಿ ಇಟ್ಟುಕೊಳ್ಳುತ್ತದೆ. ಬೆಳೆದ ಆರೋಗ್ಯವಂತ ಗೆಕ್ಕೊ ಅದರ ಮೇಲೆ ವಾರಗಟ್ಟಲೆ ಉಪವಾಸ ಇರಬಲ್ಲದು. ಬಾಲ ಸೊರಗಿ ಕಡ್ಡಿಯಾದರೆ ಮಾತ್ರ ಕರುಳಿನ ಪರೋಪಜೀವಿಯೋ ಇನ್ನೇನೋ ಹೊಕ್ಕಿದೆ ಎಂದು ಹೆದರಬೇಕು. ‘ಬಾಲ ಹ್ಯಾಂಗೈತಿ?’ ಎಂದೆ. ‘ದಪ್ಪೇ ಐತಿ ಅಜ್ಜಾ.’ ‘ಹಂಗಾರ ಇವತ್ತ ಸಾಯೂದಿಲ್ಲ’ ಎಂದೆ. ಮೊಮ್ಮಗ ಅಳತೊಡಗಿದ. ಸಮಾಧಾನ ಹೇಳುವುದು ಪಠ್ಯಕ್ರಮದಲ್ಲಿ ಇರಲಿಲ್ಲ ನೋಡಿ.

ಈ ಜಾತಿಯನ್ನು 1854ರಲ್ಲಿ ಎಡ್ವರ್ಡ್ ಬ್ಲೈತ್ ಶಾಸ್ತ್ರಕ್ಕೆ ಸೇರಿಸಿದ. ಮೂಲ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಒಣ ಕಲ್ಲುಗಾಡು. ಈಗ ಅಮೆರಿಕದ ಪೇಟೆಯಲ್ಲಿ ಸಿಗುವವೆಲ್ಲ ಹೆಚ್ಚಾಗಿ ಅಲ್ಲೇ ತಲೆಮಾರುಗಟ್ಟಲೆ ಸಾಕಿ ಬೆಳೆಸಿದವು. ಇದರ ದಾಯಾದಿಯೊಂದು ನಮ್ಮ ಮಹಾರಾಷ್ಟ್ರ, ಗುಜರಾತಿನ ಕುರುಚಲು ಗುಡ್ಡಗಳಲ್ಲೂ ಇದೆ. ಅದನ್ನು ಹಿಡಿದು ಸಾಕುವುದು ಅಪರಾಧ. ಆದರೆ ನಮ್ಮ ಜನಕ್ಕೆ ಸಾಕುವ ಆಸೆ ಎಲ್ಲಿಯದು, ಕಂಡೊಡನೆ ಕಲ್ಲೆತ್ತುತ್ತಾರೆ.

ಊಟದ ಪಟ್ಟಿ ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ರಾತ್ರಿ ಕಿರ್ ಎನ್ನುವ ಹುಳ, ಮತ್ತೆ ಮೀಲ್‌ವರ್ಮ್. ಈ ಎರಡನೆಯದು ಹಿಟ್ಟು, ತೌಡಿನಲ್ಲಿ ಬೆಳೆಯುವ ಕಪ್ಪು ದುಂಬಿಯ ಮರಿ. ನಮ್ಮ ಹಿಟ್ಟಿನ ಡಬ್ಬಿಯಲ್ಲಿ ಕಾಣುವ ಸಣ್ಣ ಕೆಂಪು ಹುಳದ ಬಳಗವೇ. ನನ್ನಾಕೆ ಮಳೆಗಾಲ ಬಂತೆಂದರೆ ಪಡಸಾಲೆಯಲ್ಲಿ ಕಾಲು ಚಾಚಿ, ಸಾಣಿಗಿ ಹಿಡಿದು, ಜೋಳದ ಹಿಟ್ಟು ಸಾಣಿಸಿ ಸಾಣಿಸಿ ಈ ಬಳಗವನ್ನು ಅಂಗಳಕ್ಕೆ ಒಗೆಯುತ್ತಿದ್ದಳು. ಗುಬ್ಬಿಗಳು ಕಾಯುತ್ತಿದ್ದವು. ಅಲ್ಲಿ ಮಗಳು ಅದನ್ನು ಡಾಲರು ಕೊಟ್ಟು ಡಬ್ಬಿಯಲ್ಲಿ ತರುತ್ತಾಳೆ. ತಂದು, ಗಜ್ಜರಿ ತುಂಡು ಹಾಕಿ ಮೊದಲು ಹುಳಕ್ಕೆ ಉಣಿಸುತ್ತಾಳೆ, ಏಕೆಂದರೆ ಹುಳ ಹೊಟ್ಟೆ ತುಂಬ ಉಂಡಿದ್ದರೆ ಅದನ್ನು ಉಂಡವನಿಗೂ ಸತ್ವ. ಆಮೇಲೆ ಹೋಳಿಗೆ ಲಟ್ಟಿಸುವ ಮುನ್ನ ಹಿಟ್ಟಿನಲ್ಲಿ ಹೊರಳಿಸಿದ ಹಾಗೆ ಹುಳಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸುತ್ತಾಳೆ. ಕ್ಯಾಲ್ಸಿಯಂ, ಡಿ3 ಕಡಿಮೆಯಾದರೆ ಗೆಕ್ಕೊಗಳ ಎಲುಬು ಮೆತ್ತಗಾಗುತ್ತದೆ. ಇಷ್ಟು ಉಪಚಾರ ಮಾಡಿ ಮುಂದಿಟ್ಟದ್ದನ್ನು ಪುಲಕೇಶಿ ಮೂಸಿಯೂ ನೋಡಲಿಲ್ಲ. ಹರ್ಷನ ಆನೆಗಳಿಗೆ ಅಂಜದ ಹೆಸರಿನವನು ಒಂದು ಹುಳಕ್ಕೆ ಬೆನ್ನು ತಿರುಗಿಸಿ ಕೂತ.

ಸುದ್ದಿ ನನ್ನ ಮಟ್ಟದಲ್ಲಿ ನಿಲ್ಲಲಿಲ್ಲ. ನಿಲ್ಲುವುದು ಹೇಗೆ? ಮಗಳು ಬಾದಾಮಿಯ ಸೋದರಮಾವನಿಗೆ ಹೇಳಿದಳು, ಅವನು ಹುನಗುಂದಕ್ಕೆ ನನ್ನ ತಮ್ಮನಿಗೆ ಮುಟ್ಟಿಸಿದ, ಹುನಗುಂದದಿಂದ ಇಳಕಲ್ಲಿಗೆ ಎಷ್ಟು ದೂರ, ಅಕ್ಕನಿಗೆ ಮಧ್ಯಾಹ್ನದೊಳಗೆ ಗೊತ್ತಾಯಿತು.

ಬಾದಾಮಿಯವನು ಮೊದಲು ಹರಕೆ ಹೊತ್ತ. ಬನದ ಹುಣ್ಣಿಮೆ ಹತ್ತಿರ ಬಂದಿತ್ತು, ಬನಶಂಕರಿ ಜಾತ್ರೆಯ ತಯಾರಿ ನಡೆದಿತ್ತು, ನಾಟಕ ಕಂಪನಿಗಳ ಟೆಂಟು ಏಳುತ್ತಿದ್ದವು. ‘ಅವ್ವಗ ಹೇಳಿಕೊಂಡೀನ್ರಿ ಮಾಮಾ, ಹಲ್ಲಿ ಬಾಯಿ ತೆರದರ ಐದ ಕಾಯಿ ಒಡಸ್ತೀನಿ’ ಎಂದ. ಬನಶಂಕರಿ ಶಾಕಂಭರಿ. ಪಲ್ಲೇದ ಹಬ್ಬದ ದಿನ ನೂರೆಂಟು ಬಗೆಯ ಕಾಯಿಪಲ್ಲೆ ನೈವೇದ್ಯ ಮಾಡಿಸಿಕೊಳ್ಳುವ ತಾಯಿ. ಹುಳ ತಿನ್ನುವವರ ಪರವಾಗಿ ಆಕೆಯ ಮುಂದೆ ಅರ್ಜಿ ಹಾಕುವುದು ಸರಿಯೋ ಎಂದು ನನಗೆ ಅನುಮಾನ. ಆದರೆ ಅವನು ಇನ್ನೊಂದು ಮಾತು ಹೇಳಿದ. ಗುಹೆಗಳ ಹತ್ತಿರವೇ ಅವನ ಅಂಗಡಿ, ದಿನವೆಲ್ಲ ಕೆಂಪು ಬಂಡೆ ನೋಡುತ್ತಾ ಕೂತವನು. ‘ಹೊತ್ತ ಮುಣಗಿ ಎಷ್ಟೊತ್ತಾದ್ರೂ ಬಂಡಿ ಬಿಸಿ ಇರ್ತೈತ್ರಿ. ಹಲ್ಲಿ ಎಲ್ಲಾ ಹೊಟ್ಟಿ ಹಚ್ಚಿಕೊಂಡು ಕುಂತಿರತಾವ. ಅಲ್ಲೆ ಆ ಹುಡುಗನ ಹಲ್ಲಿಗೆ ಹೊಟ್ಟಿಗೆ ಬಿಸಿ ಐತೇನು ಕೇಳ್ರಿ.’

ಕೇಳಿದೆ. ಇದು ಪ್ರಾಣಿಶಾಸ್ತ್ರವೇ. ತಣ್ಣೆತ್ತರಿನ ಪ್ರಾಣಿಗೆ ಒಳಗೆ ಒಲೆ ಇಲ್ಲ. ಹೊರಗಿನ ಕಾವು ಹೊಟ್ಟೆಗೆ ತಾಗದಿದ್ದರೆ ಉಂಡದ್ದು ಅರಗುವುದಿಲ್ಲ, ಅರಗದು ಎಂದು ಗೊತ್ತಾದ ಪ್ರಾಣಿ ಉಣ್ಣುವುದಿಲ್ಲ. ಈ ವಿಷಯದಲ್ಲಿ ಅದು ನಮ್ಮ ಬೀಗರ ಊಟಕ್ಕೆ ಹೋಗುವವರಿಗಿಂತ ಜಾಣ. ಗೆಕ್ಕೊ ಮಲಗುವ ಬೆಚ್ಚನೆಯ ಬದಿಯ ನೆಲ 31ರಿಂದ 33 ಡಿಗ್ರಿ ಇರಬೇಕು, ಇನ್ನೊಂದು ಬದಿ ತಂಪು. ಗಾಜಿಗೆ ಅಂಟಿಸಿದ ಮುಳ್ಳಿನ ಥರ್ಮಾಮೀಟರು ಎಲ್ಲ ಸರಿ ಇದೆ ಎಂದಿತು. ಅದು ಅಳೆಯುವುದು ಗೋಡೆಯನ್ನು. ಅಳಿಯ ಎಲ್ಲಿಂದಲೋ ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರು ತಂದು ನೆಲಕ್ಕೆ ಗುರಿಯಿಟ್ಟ. 75 ಫ್ಯಾರನ್‌ಹೀಟು. ನಾನು ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿ 24 ಎಂದೆ. ಪೆಟ್ಟಿಗೆಯ ಅಡಿಯ ಬಿಸಿ ಹಾಸಿನ ತಂತಿ ಸರಿದಿತ್ತು. ನಮ್ಮ ಊರಿನಲ್ಲಿ ಏಪ್ರಿಲ್ ತಿಂಗಳು ಪೆಟ್ಟಿಗೆಯನ್ನು ಮಾಳಿಗೆ ಮೇಲೆ ಇಟ್ಟರೆ ಹಾಸೂ ಬೇಡ, ತಂತಿಯೂ ಬೇಡ, ಗೆಕ್ಕೊ ಹುರಿದೇ ಸಿಗುತ್ತದೆ. ಅಲ್ಲಿ ಕಾವನ್ನು ಕೊಂಡು ತರಬೇಕು. ತಂತಿ ಸರಿಪಡಿಸಿ, ಮೇಲೊಂದು ಚಪ್ಪಟೆ ಕಲ್ಲು ಇಟ್ಟರು. ಪುಲಕೇಶಿ ಬಂದು ಕಲ್ಲಿಗೆ ಹೊಟ್ಟೆ ಹಚ್ಚಿ ಮಲಗಿತು. ಬಾಯಿ ಮಾತ್ರ ತೆರೆಯಲಿಲ್ಲ.

ಹುನಗುಂದದ ತಮ್ಮ ಎರಿಹೊಲದವನು. ಬಿಳಿಜೋಳ, ಕಡಲೆ, ಸೂರ್ಯಕಾಂತಿ, ಎರಡು ಎತ್ತು, ಒಂದು ಎಮ್ಮೆ. ಊಟ ಬಿಟ್ಟವರು ಯಾರೇ ಆಗಲಿ ಅವನಿಗೆ ದನವೇ. ‘ಅಣ್ಣಾ, ಮೊದಲ ಸಗಣಿ ನೋಡ್ರಿ. ಬಾಯಿ ಸುಳ್ಳ ಹೇಳತೈತಿ, ಸಗಣಿ ಹೇಳೂದಿಲ್ಲ’ ಎಂದ. ಅಲ್ಲಿಯ ಡಾಕ್ಟರರ ಕಚೇರಿಯವರೂ ಅದನ್ನೇ ಅಂದರು. ನೋಡಲು ಮುಂದಿನ ವಾರ ಬನ್ನಿ, ಅಷ್ಟರಲ್ಲಿ ಹಿಕ್ಕೆ ತಂದುಕೊಡಿ. ಮಗಳು ಹಿಕ್ಕೆಯನ್ನು ಪುಟ್ಟ ಚೀಲದಲ್ಲಿ ಕಟ್ಟಿ, ಹಿಮದಲ್ಲಿ ಕಾರು ಓಡಿಸಿ ತಲುಪಿಸಿದಳು. ಪರೋಪಜೀವಿ ಇಲ್ಲ ಎಂದು ವರದಿ ಬಂತು. ಫೀಸು ಕೇಳಿದ ತಮ್ಮ, ‘ಅಷ್ಟಕ್ಕ ಒಂದ ಹೋರಿಕರಾ ಬರ್ತಿತ್ತಲ್ಲಣ್ಣಾ’ ಎಂದು ಅವತ್ತೆಲ್ಲ ಕೊರಗಿದ. ಅವನ ಎರಡನೆಯ ಸಲಹೆ ಗೊಟ್ಟ. ಮೇವು ಬಿಟ್ಟ ಎತ್ತಿಗೆ ಬಿದಿರಿನ ಗೊಟ್ಟದಿಂದ ಗಂಜಿ ಹೊಯ್ಯುವ ಹಾಗೆ ಹಲ್ಲಿಗೂ ಹೊಯ್ದುಬಿಡಿ ಅಂತ. ಹಲ್ಲಿಗೂ ಗೊಟ್ಟ ಉಂಟು, ಸಿರಿಂಜು. ಆದರೆ ಅದು ಕೊನೆಯ ಉಪಾಯ, ನಾವಾಗಿ ಮಾಡಬಾರದು, ಬಾಯಿ ಬಿಡಿಸುವ ಹೆದರಿಕೆಗೇ ಪ್ರಾಣಿ ಇನ್ನಷ್ಟು ಕುಗ್ಗುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರಂತೆ. ಕಾವು ಕೊಡಿ, ಕತ್ತಲೆ ಕೊಡಿ, ತಿನ್ನದ ಹುಳವನ್ನು ರಾತ್ರಿ ಒಳಗೆ ಬಿಡಬೇಡಿ, ಹಸಿದ ಹುಳ ಗೆಕ್ಕೊವನ್ನೇ ಕಚ್ಚುತ್ತದೆ. ದಿನಾ ಕೈಯಲ್ಲಿ ಎತ್ತಬೇಡಿ, ಆಗಾಗ ತೂಕ ನೋಡಿ, ಸುಮ್ಮನಿರಿ.

ಸುಮ್ಮನಿರುವ ಔಷಧಿ ನಮ್ಮ ಕಡೆ ಯಾರೂ ಬರೆದುಕೊಡುವುದಿಲ್ಲ. ನನ್ನಾಕೆ ಕೊನೆಗೆ ಊಟ ಬಿಟ್ಟಾಗ ಮನೆ ತುಂಬ ಜನ ಇದ್ದರು. ಒಬ್ಬರು ಗಂಜಿ, ಒಬ್ಬರು ಎಳನೀರು, ಒಬ್ಬರು ಹಾಲಿಗೆ ಅರಿಶಿನ. ‘ಒಂದ ತುತ್ತ, ಒಂದ ತುತ್ತ’ ಎನ್ನುತ್ತಾ ಎಲ್ಲರೂ ಚಮಚ ಹಿಡಿದು ನಿಂತಿದ್ದೆವು. ಅವಳು ನಮ್ಮ ಸಮಾಧಾನಕ್ಕೆಂದು ಬಾಯಿ ತೆರೆಯುತ್ತಿದ್ದಳು. ಡಾಕ್ಟರರ ಮಾತನ್ನು ಮಗಳು ನನಗೆ ದಾಟಿಸಿದಾಗ ಇಬ್ಬರೂ ಸ್ವಲ್ಪ ಹೊತ್ತು ಬೇರೆ ಏನೂ ಮಾತಾಡಲಿಲ್ಲ. ಆಮೇಲೆ ಅವಳೇ, ‘ತೂಕಾ ಹೇಳ್ಲೇನಪಾ?’ ಎಂದಳು.

ತೂಕವೇ ಒಗಟಾಗಿತ್ತು. ಅಡುಗೆಮನೆಯ ತಕ್ಕಡಿಯ ಮೇಲೆ ಡಬ್ಬಿ ಇಟ್ಟು, ಡಬ್ಬಿಯಲ್ಲಿ ಪುಲಕೇಶಿಯನ್ನು ಇಟ್ಟು ಮೊಮ್ಮಗ ಓದುತ್ತಿದ್ದ. 64 ಗ್ರಾಂ. ಮತ್ತೆ 64. ಆಮೇಲೆ 65. ಉಪವಾಸ ಮಾಡಿ ತೂಕ ಏರುವುದನ್ನು ನಾನು ಮಠಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಇಳಕಲ್ಲಿನ ಅಕ್ಕ ಆವರೆಗೆ ಬಾಯಿ ಹಾಕಿರಲಿಲ್ಲ. ಅವಳದು ನೇಕಾರರ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ, ಮಗ್ಗದ ಮೇಲೆ ಯಾವಾಗಲೂ ಅರ್ಧ ನೇಯ್ದ ಸೀರೆ, ಸೆರಗಿನ ಕೆಂಪು ರೇಷ್ಮೆಯಲ್ಲಿ ತೋಪು ತೆನಿ ಎದ್ದಿರುತ್ತದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕುವ ಕೆಲಸದಲ್ಲಿ ಅವಳ ಕಣ್ಣು ಇನ್ನೂ ತಪ್ಪುವುದಿಲ್ಲ. ಫೋನನ್ನು ಕಂಬಕ್ಕೆ ಆನಿಸಿ, ಕಂಡಿಕಿ ಸುತ್ತುತ್ತಾ ನನ್ನ ವರದಿಯನ್ನೆಲ್ಲ ಕೇಳಿದಳು. ಕಾವು, ಸಗಣಿ, ಬಾಲ, ತೂಕ. ರಾಟಿ ನಿಲ್ಲಿಸಿ ಕೇಳಿದಳು:

‘ತಮ್ಮಾ, ಅದು ಗಂಡೋ, ಹೆಣ್ಣೋ?’

‘ಗಂಡು. ಅಂಗಡಿಯಂವ ಹೇಳಿ ಕೊಟ್ಟಾನಂತ.’

‘ಅಂಗಡಿಯಂವ ನನಗ ಪಕ್ಕಾ ಬಣ್ಣ ಅಂತ ಹೇಳಿ ನೂಲ ಕೊಟ್ಟಿದ್ದ. ಉಣವಲ್ದು, ಮೂಲ್ಯಾಗ ಕುಂದರತೈತಿ, ಹೊಟ್ಟಿ ಇಳದಿಲ್ಲ, ತೂಕಾ ಏರೇತಿ. ಇದಕ್ಕ ಡಾಕ್ಟರ್ ಯಾಕ ಬೇಕೋ? ನಮ್ಮ ಓಣ್ಯಾಗ ಯಾರನ್ನರೆ ಕೇಳು.’

ಅಕ್ಕನ ಪ್ರಶ್ನೆಯನ್ನು ಹಾಗೇ ಮಿಷಿಗನ್ನಿಗೆ ದಾಟಿಸಿದೆ. ಗಂಡು ಗೆಕ್ಕೊಗೆ ಹಿಂಗಾಲುಗಳ ನಡುವೆ ಹುರುಪೆಯ ಮೇಲೆ ತೂತುಗಳ ಸಾಲು ಕಮಾನಿನಂತೆ ಎದ್ದು ಕಾಣಬೇಕು, ಬಾಲದ ಬುಡದಲ್ಲಿ ಎರಡು ಉಬ್ಬು ಇರಬೇಕು. ಪುಲಕೇಶಿಯನ್ನು ತಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು ಎತ್ತಿ ಹಿಡಿದು ಕೆಳಗಿನಿಂದ ನೋಡಿರೆಂದೆ. ಫೋನಿನ ಪರದೆಯ ತುಂಬ ಬಿಳಿಚಿದ ಹೊಟ್ಟೆ ಬಂತು. ತೂತಿನ ಸಾಲು ಇಲ್ಲ, ಉಬ್ಬು ಇಲ್ಲ. ತೆಳು ಚರ್ಮದ ಒಳಗೆ, ಎಡಕ್ಕೊಂದು ಬಲಕ್ಕೊಂದು, ನಸುಗೆಂಪು ಛಾಯೆಯ ಎರಡು ದುಂಡನೆಯ ಆಕಾರ. ಮಗಳು ‘ಅಯ್ಯ ಶಿವನೇ’ ಎಂದಳು. ಮೊಮ್ಮಗ ಇಂಗ್ಲಿಷಿನಲ್ಲಿ ಏನೋ ಅಂದ, ಅದನ್ನು ಅವರವ್ವ ಗದರಿದಳು.

ಮುಂದಿನ ವಾರ ಡಾಕ್ಟರರೂ ಅದನ್ನೇ ಹೇಳಿದರು. ಗಂಡಿನ ಮುಖ ನೋಡದಿದ್ದರೂ ಬೆಳೆದ ಹೆಣ್ಣು ಗೆಕ್ಕೊಗೆ ಋತು ಬಂದಾಗ ಮೊಟ್ಟೆ ಕಟ್ಟಬಹುದು. ಆ ದಿನಗಳಲ್ಲಿ ವಾರಗಟ್ಟಲೆ ಊಟ ಬಿಡುವುದು ವಾಡಿಕೆ. ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಮಾತ್ರ ಅಪಾಯ, ಅದಕ್ಕೆ ಹಸಿ ಪಾಚಿ ಹಾಕಿದ ಮುಚ್ಚಿದ ಡಬ್ಬಿ ಬೇಕು, ಅಗೆದು ಇಡಲಿಕ್ಕೆ. ಗೆಕ್ಕೊಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನು ಕಾವು ತೀರ್ಮಾನ ಮಾಡುತ್ತದೆ. 26 ಡಿಗ್ರಿಯ ಹತ್ತಿರ ಹೆಚ್ಚು ಹೆಣ್ಣು, 32ರ ಹತ್ತಿರ ಹೆಚ್ಚು ಗಂಡು, ಇನ್ನೂ ಎರಡು ಡಿಗ್ರಿ ಏರಿದರೆ ಮತ್ತೆ ಹೆಣ್ಣೇ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಗಂಡು ಹುಟ್ಟಲೆಂದು ಹರಕೆ ಹೊರುವವರಿಗೆ ಇದನ್ನು ಹೇಳಬಾರದು, ಬಿಸಿ ಹಾಸಿಗೆ ಬೆಲೆ ಏರೀತು.

ಬಸುರಿ ಎಂದ ಮೇಲೆ ನಮ್ಮವರ ಉಪಚಾರಕ್ಕೆ ಲಗಾಮು ಇರಲಿಲ್ಲ. ಮಗಳು ಅಲ್ಲಿ ಬಸುರಿಯಾಗಿದ್ದಾಗ ಏನು ತಿಂದರೂ ನಿಲ್ಲುತ್ತಿರಲಿಲ್ಲ. ನನ್ನಾಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡು ಮೊದಲ ಸಲ ವಿಮಾನ ಹತ್ತಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿದ ಸದ್ದಿಗೆ ಪಕ್ಕದ ಮನೆಯವರು ಬಂದು ವಿಚಾರಿಸಿದ್ದರಂತೆ. ಮಗಳು ಅದನ್ನು ಈಗ ಮತ್ತೆ ಹೇಳಿದಳು. ನನಗೆ ಗೊತ್ತಿರದ ಇನ್ನೂ ಎಷ್ಟೋ ಹೇಳಿದಳು. ಹೊರಗೆ ಹಿಮ ಬೀಳುವಾಗ ಅವರವ್ವ ಕಿಟಕಿಯ ಹತ್ತಿರ ಕೂತು ಇಡೀ ಮಧ್ಯಾಹ್ನ ಹಾಡು ಗುನುಗುತ್ತಿದ್ದಳಂತೆ, ನನ್ನೊಡನೆ ಇಷ್ಟು ವರ್ಷ ಇದ್ದು ಒಮ್ಮೆಯೂ ಹಾಡದವಳು. ಹಲ್ಲಿ ಬಸುರಿಯಾಗದಿದ್ದರೆ ಈ ಸುದ್ದಿ ನನ್ನವರೆಗೆ ಬರುತ್ತಲೇ ಇರಲಿಲ್ಲ.

ಕೆಲ ದಿನಕ್ಕೆ ಪಾಚಿಯ ಡಬ್ಬಿಯಲ್ಲಿ ಎರಡು ಬಿಳಿ ಮೊಟ್ಟೆ ಬಿದ್ದವು, ಜೊಳ್ಳು. ಪುಲಕೇಶಿಯ ಹೊಟ್ಟೆ ಒಮ್ಮೆಲೇ ಇಳಿದು ಪಕ್ಕೆ ಜೋತಿತ್ತು. ಮರುದಿನ ಬೆಳಿಗ್ಗೆ ಸೂಸಲಾ ತಟ್ಟೆ ಪಕ್ಕಕ್ಕಿಟ್ಟು ನೋಡಿದೆ. ಮೊಮ್ಮಗ ಚಿಮಟಿಗೆಯಲ್ಲಿ ಪುಡಿ ಹಚ್ಚಿದ ಹುಳ ಹಿಡಿದಿದ್ದ. ಪುಲಕೇಶಿ ಕತ್ತು ಮುಂದೆ ಚಾಚಿತು, ಬಾಲದ ತುದಿ ಮಾತ್ರ ಅತ್ತಿತ್ತ ಸಣ್ಣಗೆ ನಡುಗಿತು, ಉಳಿದ ಮೈ ಕದಲಲಿಲ್ಲ. ಆಮೇಲೆ ಟಪ್ಪೆಂದು ಹಿಡಿಯಿತು. ಎರಡು ಸಲ ಅಗಿದು, ಕಣ್ಣು ಮುಚ್ಚಿ ನುಂಗಿ, ಗುಲಾಬಿ ನಾಲಿಗೆಯಿಂದ ಮೂತಿ ಒರೆಸಿಕೊಂಡಿತು. ಮೊಮ್ಮಗ ಕೂಗಿದ ಕೂಗಿಗೆ ನಮ್ಮ ಗೋಡೆಯ ಹಲ್ಲಿ ಟ್ಯೂಬ್‌ಲೈಟಿನ ಹಿಂದೆ ಓಡಿತು. ಬಾದಾಮಿಯವನು ಐದು ಕಾಯಿ ಒಡೆಸಿ ಫೋಟೋ ಕಳಿಸಿದ. ತಮ್ಮ, ಫೀಸು ವಾಪಸು ಕೊಡುತ್ತಾರೋ ಎಂದು ಕೇಳಿದ.

ಹೆಸರು ಬದಲಿಸೋಣವೇ ಎಂಬ ಚರ್ಚೆ ನಡೆಯಿತು. ಮೊಮ್ಮಗ ಒಪ್ಪಲಿಲ್ಲ. ಪುಲಕೇಶಿ ಪುಲಕೇಶಿಯಾಗಿಯೇ ಉಳಿದಳು.

ಫೋನು ಮತ್ತೆ ಭಾನುವಾರಕ್ಕೆ ಹೋಯಿತು. ಉಂಡ್ಯಾ, ಗುಳಿಗಿ ತಗೊಂಡ್ಯಾ. ಬೆಳಿಗ್ಗೆ ಏಳಕ್ಕೆ ಕೈ ತಾನಾಗಿ ಫೋನಿನ ಕಡೆ ಹೋಗುವುದು ನಿಲ್ಲಲು ಸ್ವಲ್ಪ ಸಮಯ ಹಿಡಿಯಿತು. ಚೆನ್ನಾಗಿ ನೋಡಿಕೊಂಡರೆ ಇವು ಹದಿನೈದು-ಇಪ್ಪತ್ತು ವರ್ಷ ಬದುಕುತ್ತವೆ. ಲೆಕ್ಕ ಹಾಕಿದರೆ ಅವಳ ಮುಂದಿನ ದಾರಿ ನನ್ನದಕ್ಕಿಂತ ಉದ್ದ. ಇನ್ನೊಂದು ವಿಷಯ, ಈ ಉಪವಾಸ ಪ್ರತಿ ವರ್ಷ ಋತು ಬಂದಾಗ ಮರುಕಳಿಸುವುದುಂಟು. ಅದಕ್ಕೇ ಹೊಸ ಕ್ಯಾಲೆಂಡರ್ ಬಂದ ಕೂಡಲೇ ಬನದ ಹುಣ್ಣಿಮೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ.

ಅಕ್ಕ ನನಗಿಂತ ಮುಂದೆ ಹೋಗಿದ್ದಾಳೆ. ಕಳೆದ ಸಲ ಕುಬಸ ಮಾಡದೆ ಬಿಟ್ಟದ್ದು ಅವಳಿಗೆ ಸರಿಬಂದಿಲ್ಲ. ಗುಳೇದಗುಡ್ಡದ ಖಣ ಒಂದನ್ನು ಪೆಟ್ಟಿಗೆಯಿಂದ ತೆಗೆದಿಟ್ಟು ಅಳತೆ ಕೇಳುತ್ತಿದ್ದಾಳೆ. ಬಾಲ ಸೇರಿಸಿ ಹೇಳಬೇಕೋ ಬಿಟ್ಟು ಹೇಳಬೇಕೋ ಎಂದು ಮೊಮ್ಮಗನನ್ನೇ ವಿಚಾರಿಸಬೇಕು. ಇಂಥದಕ್ಕೆಲ್ಲ ಭಾನುವಾರದ ತನಕ ಕಾಯಲಾಗುವುದಿಲ್ಲ.